ಫ್ರೀರೇಡಿಯಸ್ ಅನ್ನು ಬ್ಯಾಕ್‌ಗ್ರೌಂಡ್ ಸರ್ವಿಸ್ ಆಗಿ ನಡೆಸುವುದು, ಅದರ ಮೇಲೆ ಕಣ್ಣಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ವೈಫೈ, ಹಾಸ್ಟೆಲ್ ನೆಟ್, ಊರಿನ ಕೇಬಲ್ ಬ್ರಾಡ್‌ಬ್ಯಾಂಡ್, ಆಫೀಸಿನ ವಿಪಿಎನ್. ಇವುಗಳ ಹಿಂದೆ ಕೂತು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಅಂತ ಹೇಳುವ ಕೆಲಸವನ್ನು ಬಹಳ ಕಡೆ ಫ್ರೀರೇಡಿಯಸ್ (ರೇಡಿಯಸ್ ಅನ್ನುವ ಪ್ರೋಟೋಕಾಲ್ ನಡೆಸುವ ಸರ್ವರ್ ಸಾಫ್ಟ್‌ವೇರ್) ಮಾಡುತ್ತಿದೆ. ಅದು ನಿಂತಾಗ "ರೇಡಿಯಸ್ ನಿಂತಿದೆ" ಅಂತ ಯಾರೂ ಫೋನ್ ಮಾಡುವುದಿಲ್ಲ. "ನೆಟ್ ಬರ್ತಿಲ್ಲ" ಅಂತಾರೆ ಅಷ್ಟೇ. ಹಾಗಾಗಿ ಕೇಬಲ್, ಸ್ವಿಚ್, ರೂಟರ್ ಎಲ್ಲ ನೋಡಿ ಸುಸ್ತಾದ ಮೇಲೆ ಕೊನೆಗೆ ಇದರ ನೆನಪಾಗುತ್ತದೆ. ಆ ಸಮಯ ಉಳಿಸಲಿ ಅಂತ ಈ ಪುಟ.

ಇಲ್ಲಿ ಹೇಳಿರುವುದೆಲ್ಲ ಫ್ರೀರೇಡಿಯಸ್ 3ರ ಬಗ್ಗೆ, ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಇರುವ ಲಿನಕ್ಸ್ ಮೇಲೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಮೊದಲು ಇದನ್ನು ಹೇಳಿ: ಈ ಸರ್ವರ್ ಯಾರ ಜೊತೆ ಮಾತಾಡುತ್ತದೆ?

ನಿಮ್ಮ ಫೋನ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಆಕ್ಸೆಸ್ ಪಾಯಿಂಟ್, ವಿಪಿಎನ್ ಪೆಟ್ಟಿಗೆ ಅಥವಾ ಬ್ರಾಡ್‌ಬ್ಯಾಂಡ್ ರೂಟರ್ ನಡುವೆ ಇರುತ್ತದೆ. ಅದನ್ನು ನ್ಯಾಸ್ ಅಂತಾರೆ. ಫ್ರೀರೇಡಿಯಸ್ ಭಾಷೆಯಲ್ಲಿ "ಕ್ಲೈಂಟ್" ಅಂದರೆ ಈ ನ್ಯಾಸ್, ಯೂಸರ್ ಅಲ್ಲ. ಲಾಗಿನ್ ಕೇಳಿಕೆಗಳು ಯುಡಿಪಿ 1812ಕ್ಕೆ ಬರುತ್ತವೆ, ಯಾರು ಎಷ್ಟು ಹೊತ್ತು ಎಷ್ಟು ಡೇಟಾ ಬಳಸಿದರು ಅನ್ನುವ ಅಕೌಂಟಿಂಗ್ ಲೆಕ್ಕ 1813ಕ್ಕೆ. ಹಳೇ ಪೆಟ್ಟಿಗೆಗಳು ಇನ್ನೂ 1645, 1646 ಬಳಸುತ್ತವೆ. ಹೊಸ ಸರ್ವರ್‌ಗೆ ಹಳೇ ಸ್ವಿಚ್ ಸೇರಿಸಿದಾಗ ಏನೂ ಬರುತ್ತಿಲ್ಲ ಅನ್ನಿಸಿದರೆ ಮೊದಲು ಈ ನಂಬರ್ ನೋಡಿ.

ಕ್ಯಾಪಿಟಲ್ ಎಕ್ಸ್ ಹಾಕಿ ಟರ್ಮಿನಲ್‌ನಲ್ಲಿ ರನ್ ಮಾಡಿದರೆ ಚೆನ್ನಾಗೇ ಕೆಲಸ ಮಾಡುತ್ತದೆ. "ಸ್ಕ್ರೀನ್" (ಟರ್ಮಿನಲ್ ಮುಚ್ಚಿದರೂ ಪ್ರೋಗ್ರಾಮ್ ನಡೆಯುವಂತೆ ಇಡುವ ಟೂಲ್) ಒಳಗೆ ಹಾಗೇ ಬಿಟ್ಟರೆ ಆಗಲ್ವಾ?

ಬೇಡ. "ಫ್ರೀರೇಡಿಯಸ್ ಮೈನಸ್ ಕ್ಯಾಪಿಟಲ್ ಎಕ್ಸ್" ಅನ್ನುವುದು ತಪ್ಪು ಹುಡುಕುವುದಕ್ಕೆ ಮಾಡಿದ ಡೀಬಗ್ ಮೋಡ್. ಅದರಲ್ಲಿ ಸರ್ವರ್ ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ, ಅಂದರೆ ಒಂದು ಕೇಳಿಕೆ ಮುಗಿಯುವ ತನಕ ಮುಂದಿನದು ಕಾಯಬೇಕು. ಟೇಬಲ್ ಮೇಲಿನ ಎರಡು ಫೋನ್‌ಗೆ ಇದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಕಾಲೇಜು ವೈಫೈಗೆ ಬಂದಾಗ ಗೊತ್ತಾಗುತ್ತದೆ. ಜೊತೆಗೆ ಡೀಬಗ್ ಔಟ್‌ಪುಟ್‌ನಲ್ಲಿ ಪಾಸ್‌ವರ್ಡ್‌ಗಳೂ ಕಣ್ಣಿಗೆ ಬೀಳುತ್ತವೆ. ಅದನ್ನು ಸ್ಕ್ರೀನ್ ಒಳಗೆ ತಿಂಗಳುಗಟ್ಟಲೆ ತೆರೆದಿಡುವುದು ಸರಿಯಲ್ಲ. ಅಲ್ಲದೆ ಮಷಿನ್ ರೀಬೂಟ್ ಆದರೆ ಸ್ಕ್ರೀನ್ ತಾನಾಗಿ ಏಳುವುದಿಲ್ಲ.

ಹಾಗಂತ ಡೀಬಗ್ ಮೋಡ್ ಬಿಡಬೇಡಿ. ಫ್ರೀರೇಡಿಯಸ್‌ನಲ್ಲಿ ಏನೇ ತೊಂದರೆ ಬಂದರೂ ಉತ್ತರ ಅಲ್ಲೇ ಇರುತ್ತದೆ. ಪೂರ್ತಿ ಓದಬೇಕು, ಕೊನೆಯ ಎರಡು ಸಾಲು ನೋಡಿ ಬಿಟ್ಟರೆ ಪ್ರಯೋಜನ ಇಲ್ಲ.

ನಡೆಯುತ್ತಿರುವ ಸರ್ವರ್ ನಿಲ್ಲಿಸದೆ ಒಬ್ಬ ಯೂಸರ್‌ನ ಕೇಳಿಕೆ ಮಾತ್ರ ನೋಡಬೇಕು ಅಂದರೆ "ರ್ಯಾಡ್‌ಡೀಬಗ್" ಅಂತ ಒಂದು ಟೂಲ್ ಇದೆ. ಅದಕ್ಕೆ "ಕಂಟ್ರೋಲ್ ಸಾಕೆಟ್" ಸೈಟ್ ಆನ್ ಆಗಿರಬೇಕು (ಇಲ್ಲಿ ಸೈಟ್ ಅಂದರೆ ಬೇಕಾದಾಗ ಆನ್ ಮಾಡುವ ಕಾನ್ಫಿಗ್ ಭಾಗ, ವೆಬ್‌ಸೈಟ್ ಅಲ್ಲ). ಇನ್‌ಸ್ಟಾಲ್ ಮಾಡಿದಾಗ ಅದು ಆಫ್ ಇರುತ್ತದೆ. ತೊಂದರೆ ಬರುವ ಮೊದಲೇ ಆನ್ ಮಾಡಿಟ್ಟುಕೊಳ್ಳಿ, ಬಂದ ಮೇಲೆ ಆನ್ ಮಾಡಲು ರೀಸ್ಟಾರ್ಟ್ ಬೇಕಾಗುತ್ತದೆ.

"ಯೂನಿಟ್ ನಾಟ್ ಫೌಂಡ್" ಅಂತ ಬರುತ್ತದೆ. ಸರ್ವಿಸ್ ಹೆಸರು ಏನು?

ಯೂನಿಟ್ ಅಂದರೆ ಸಿಸ್ಟಮ್‌ಡಿ ಭಾಷೆಯಲ್ಲಿ ಸರ್ವಿಸ್. ಡೆಬಿಯನ್, ಉಬುಂಟುನಲ್ಲಿ "ಫ್ರೀರೇಡಿಯಸ್". ರೆಡ್‌ಹ್ಯಾಟ್ ಕಡೆಯ ಲಿನಕ್ಸ್‌ಗಳಲ್ಲಿ "ರೇಡಿಯಸ್‌ಡಿ". ಕಾನ್ಫಿಗ್ ಜಾಗವೂ ಬೇರೆ: ಮೊದಲನೆಯದರಲ್ಲಿ ಇಟಿಸಿ ಒಳಗೆ ಫ್ರೀರೇಡಿಯಸ್, ಅದರೊಳಗೆ 3.0. ಎರಡನೆಯದರಲ್ಲಿ ಇಟಿಸಿ ಒಳಗೆ ರ್ಯಾಡ್‌ಡಿಬಿ. ಸರ್ವಿಸ್ ನಡೆಸುವ ಯೂಸರ್ ಹೆಸರು ಮೊದಲನೆಯದರಲ್ಲಿ "ಫ್ರೀರ್ಯಾಡ್", ಎರಡನೆಯದರಲ್ಲಿ "ರೇಡಿಯಸ್‌ಡಿ". ಇಂಟರ್‌ನೆಟ್‌ನಲ್ಲಿ ಸಿಗುವ ಅರ್ಧ ಗೈಡ್‌ಗಳು ಒಂದರದ್ದು, ಇನ್ನರ್ಧ ಇನ್ನೊಂದರದ್ದು.

ಈ ಯೂಸರ್ ವಿಷಯ ಸ್ವಲ್ಪ ಗಮನಿಸಿ. ಪೋರ್ಟ್ ನಂಬರ್ 1024ಕ್ಕಿಂತ ಮೇಲಿರುವುದರಿಂದ ರೂಟ್ ಆಗಿ ನಡೆಸುವ ಅಗತ್ಯವೇ ಇಲ್ಲ, ನಡೆಸಲೂಬಾರದು. ಆದರೆ ನೀವು ರೂಟ್ ಆಗಿ ಹೊಸ ಫೈಲ್ ಮಾಡಿ, ಪರ್ಮಿಷನ್ 600 ಇಟ್ಟು ಹೋದರೆ ಸರ್ವಿಸ್‌ಗೆ ಅದನ್ನು ಓದಲು ಆಗುವುದಿಲ್ಲ. ಹೊಸ ಸರ್ಟಿಫಿಕೇಟಿನ ಪ್ರೈವೇಟ್ ಕೀ ಹಾಕಿದ ದಿನ ಸರ್ವಿಸ್ ಏಳದಿದ್ದರೆ ಕಾರಣ ಬಹುತೇಕ ಇದೇ.

"ಅಡ್ರೆಸ್ ಆಲ್ರೆಡಿ ಇನ್ ಯೂಸ್" ಅಂತ ಬಂದು ನಿಲ್ಲುತ್ತದೆ.

ಸರ್ವಿಸ್ ಹಿಂದೆ ಆಗಲೇ ನಡೆಯುತ್ತಿದೆ, ನೀವು ಕೈಯಲ್ಲಿ ಎರಡನೆಯದನ್ನು ಶುರು ಮಾಡುತ್ತಿದ್ದೀರಿ. "ಸಿಸ್ಟಮ್‌ಸಿಟಿಎಲ್ ಸ್ಟಾಪ್ ಫ್ರೀರೇಡಿಯಸ್" ಕೊಟ್ಟು ಆಮೇಲೆ ಡೀಬಗ್ ಮಾಡಿ. ಮುಗಿದ ಮೇಲೆ ಸ್ಟಾರ್ಟ್ ಕೊಡುವುದನ್ನು ಮರೆಯಬೇಡಿ. "ಎನೇಬಲ್" ಆಗಿದೆಯಾ ಅಂತಲೂ ನೋಡಿ. ಸ್ಟಾರ್ಟ್ ಅಂದರೆ ಈಗ ಶುರು ಮಾಡು, ಎನೇಬಲ್ ಅಂದರೆ ಪ್ರತಿ ಬೂಟ್‌ನಲ್ಲೂ ಶುರು ಮಾಡು.

ಕಾನ್ಫಿಗ್ ಬದಲಿಸಿದೆ. ರೀಲೋಡ್ ಸಾಕಾ, ರೀಸ್ಟಾರ್ಟ್ ಬೇಕಾ?

ಏನು ಬದಲಿಸಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ರೀಲೋಡ್ ಕೊಟ್ಟರೆ ಪ್ರೋಸೆಸ್‌ಗೆ ಹಪ್ ಸಿಗ್ನಲ್ ಹೋಗುತ್ತದೆ. ಆಗ ಯೂಸರ್ಸ್ ಫೈಲ್‌ನಂಥ ಕೆಲವು ಮಾಡ್ಯೂಲ್‌ಗಳು ಮಾತ್ರ ಹೊಸದಾಗಿ ಓದಿಕೊಳ್ಳುತ್ತವೆ. ಹೊಸ ಆಕ್ಸೆಸ್ ಪಾಯಿಂಟ್ ಅನ್ನು ಕ್ಲೈಂಟ್ಸ್ ಫೈಲ್‌ಗೆ ಸೇರಿಸಿದ್ದರೆ, ಪೋರ್ಟ್ ಬದಲಿಸಿದ್ದರೆ, ಇಎಪಿ (ವೈಫೈ ಲಾಗಿನ್‌ಗೆ ಬಳಸುವ ವಿಧಾನ) ಸರ್ಟಿಫಿಕೇಟ್ ಹೊಸದಾಗಿದ್ದರೆ ರೀಸ್ಟಾರ್ಟೇ ಬೇಕು.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ರೀಸ್ಟಾರ್ಟ್ ಅಂದರೆ ಮೊದಲು ಹಳೆಯದು ಸಾಯುತ್ತದೆ, ಆಮೇಲೆ ಹೊಸದು ಏಳಲು ನೋಡುತ್ತದೆ. ಕಾನ್ಫಿಗ್‌ನಲ್ಲಿ ಒಂದು ಬ್ರಾಕೆಟ್ ತಪ್ಪಿದ್ದರೂ ಹೊಸದು ಏಳುವುದಿಲ್ಲ, ಹಳೆಯದು ಆಗಲೇ ಹೋಗಿರುತ್ತದೆ. ಹಾಗಾಗಿ ರೀಸ್ಟಾರ್ಟ್‌ಗೂ ಮೊದಲು "ಫ್ರೀರೇಡಿಯಸ್ ಮೈನಸ್ ಕ್ಯಾಪಿಟಲ್ ಸಿ ಕ್ಯಾಪಿಟಲ್ ಎಕ್ಸ್" ಓಡಿಸಿ. ಅದು ಕಾನ್ಫಿಗ್ ಪೂರ್ತಿ ಓದಿ, ತಪ್ಪಿದ್ದರೆ ಸಾಲಿನ ನಂಬರ್ ಸಮೇತ ಹೇಳಿ ಹೊರಗೆ ಬರುತ್ತದೆ. ನಡೆಯುತ್ತಿರುವ ಸರ್ವಿಸ್‌ಗೆ ಏನೂ ಆಗುವುದಿಲ್ಲ. ಇದೊಂದು ಅಭ್ಯಾಸ ಮಾಡಿಕೊಂಡರೆ ಮಧ್ಯಾಹ್ನದ ಹೊತ್ತಲ್ಲೂ ಧೈರ್ಯವಾಗಿ ಬದಲಾವಣೆ ಮಾಡಬಹುದು. ಆಗಲೇ ಕನೆಕ್ಟ್ ಆಗಿರುವವರಿಗೆ ರೀಸ್ಟಾರ್ಟ್ ಗೊತ್ತಾಗುವುದಿಲ್ಲ, ಅದೇ ಕ್ಷಣದಲ್ಲಿ ಲಾಗಿನ್ ಆಗುತ್ತಿರುವವರು ಮಾತ್ರ ಇನ್ನೊಂದು ಸಲ ಪ್ರಯತ್ನ ಮಾಡಬೇಕಾಗುತ್ತದೆ.

ಇನ್ನೊಂದು ಮಾತು. ಯೂನಿಟ್ ಫೈಲ್ ಬದಲಿಸಬೇಕಾದರೆ ಪ್ಯಾಕೇಜ್ ಕೊಟ್ಟ ಫೈಲ್ ಮುಟ್ಟಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. "ಸಿಸ್ಟಮ್‌ಸಿಟಿಎಲ್ ಎಡಿಟ್ ಫ್ರೀರೇಡಿಯಸ್" ಕೊಟ್ಟರೆ ನಿಮ್ಮ ಬದಲಾವಣೆ ಬೇರೆ ಓವರ್‌ರೈಡ್ ಫೈಲ್‌ನಲ್ಲಿ ಕೂರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಸರ್ವಿಸ್ ಏಳುವುದೇ ಇಲ್ಲ. ಕೈಯಲ್ಲಿ ಸ್ಟಾರ್ಟ್ ಕೊಟ್ಟರೆ ಏಳುತ್ತದೆ. ಏನಿದು?

ಸಣ್ಣ ಊರುಗಳಲ್ಲಿ ಕೇಬಲ್ ಬ್ರಾಡ್‌ಬ್ಯಾಂಡ್ ನಡೆಸುವವರಿಗೆ ಇದು ಮಳೆಗಾಲದ ಕಾಯಿಲೆ. ಯುಪಿಎಸ್ ಬ್ಯಾಟರಿ ಖಾಲಿಯಾಗಿ ಎಲ್ಲ ಆಫ್ ಆಗುತ್ತದೆ. ಕರೆಂಟ್ ಬಂದಾಗ ರೇಡಿಯಸ್, ಡೇಟಾಬೇಸ್, ರೂಟರ್, ಸ್ವಿಚ್ ಎಲ್ಲ ಒಟ್ಟಿಗೆ ಏಳುತ್ತವೆ. ಮೂರು ತೊಂದರೆ ಒಂದರ ಹಿಂದೆ ಒಂದು ಬರುತ್ತದೆ, ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಡೇಟಾಬೇಸ್. ಫ್ರೀರೇಡಿಯಸ್ ಶುರುವಾಗುವಾಗ ಎಸ್‌ಕ್ಯೂಎಲ್ ಮಾಡ್ಯೂಲ್ ಮೊದಲೇ ಕೆಲವು ಕನೆಕ್ಷನ್ ತೆರೆದಿಟ್ಟುಕೊಳ್ಳಲು ನೋಡುತ್ತದೆ. ಮೈಎಸ್‌ಕ್ಯೂಎಲ್ ಇನ್ನೂ ಎದ್ದಿರದಿದ್ದರೆ ಕನೆಕ್ಷನ್ ಸಿಗುವುದಿಲ್ಲ, ಇಡೀ ಸರ್ವರ್ ಹೊರಗೆ ಬಂದುಬಿಡುತ್ತದೆ. ಎಸ್‌ಕ್ಯೂಎಲ್ ಮಾಡ್ಯೂಲಿನ ಪೂಲ್ ಭಾಗದಲ್ಲಿ "ಸ್ಟಾರ್ಟ್" ಅನ್ನು 0 ಮಾಡಿ. ಆಗ ಡೇಟಾಬೇಸ್ ಇಲ್ಲದಿದ್ದರೂ ಸರ್ವರ್ ಏಳುತ್ತದೆ, ಡೇಟಾಬೇಸ್ ಬಂದ ಮೇಲೆ ಕನೆಕ್ಷನ್ ತೆಗೆದುಕೊಳ್ಳುತ್ತದೆ. ಎರಡೂ ಒಂದೇ ಮಷಿನ್‌ನಲ್ಲಿದ್ದರೆ ಓವರ್‌ರೈಡ್‌ನಲ್ಲಿ "ಆಫ್ಟರ್" ಸಾಲಿಗೆ ಡೇಟಾಬೇಸ್ ಸರ್ವಿಸ್ ಹೆಸರು ಸೇರಿಸಿ.

ಎರಡನೆಯದು ಐಪಿ. ನೀವು ಲಿಸನ್ ಭಾಗದಲ್ಲಿ ಸ್ಟಾರ್ ಬದಲು ಒಂದು ನಿರ್ದಿಷ್ಟ ಐಪಿ ಬರೆದಿದ್ದರೆ, ಆ ಐಪಿ ನೆಟ್‌ವರ್ಕ್ ಕಾರ್ಡ್ ಮೇಲೆ ಬರುವ ಮೊದಲೇ ಸರ್ವಿಸ್ ಶುರುವಾಗಿ ಬೈಂಡ್ ಆಗದೆ ಬೀಳಬಹುದು. "ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್" ಅನ್ನು "ಆಫ್ಟರ್" ಮತ್ತು "ವಾಂಟ್ಸ್" ಎರಡರಲ್ಲೂ ಹಾಕಿ. ಬರೀ "ನೆಟ್‌ವರ್ಕ್ ಟಾರ್ಗೆಟ್" ಸಾಲದು, ಅದು ಐಪಿ ಬರುವ ತನಕ ಕಾಯುವುದಿಲ್ಲ.

ಮೂರನೆಯದು ಜನರ ನೂಕುನುಗ್ಗಲು, ಇದೇ ಕಷ್ಟದ್ದು. ಊರಿನ ಎಲ್ಲ ಮನೆಗಳ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್) ಕನೆಕ್ಷನ್‌ಗಳೂ ಒಟ್ಟಿಗೆ ಡಯಲ್ ಮಾಡುತ್ತವೆ. ಡೇಟಾಬೇಸ್ ಆಗಷ್ಟೇ ಎದ್ದಿರುತ್ತದೆ, ಅದರ ಕ್ಯಾಶ್ ಖಾಲಿ. ಉತ್ತರ ತಡವಾಗುತ್ತದೆ. ನ್ಯಾಸ್ ಕೆಲವು ಸೆಕೆಂಡ್ ಕಾದು ಅದೇ ಕೇಳಿಕೆಯನ್ನು ಮತ್ತೆ ಕಳಿಸುತ್ತದೆ. ಹೀಗೆ ಕೆಲಸ ಏರುತ್ತಲೇ ಹೋಗುತ್ತದೆ, ಲಾಗ್ ತುಂಬ "ಡಿಸ್ಕಾರ್ಡಿಂಗ್ ಡೂಪ್ಲಿಕೇಟ್ ರಿಕ್ವೆಸ್ಟ್" ಸಾಲುಗಳು ಬರುತ್ತವೆ. ಆಗ ಥ್ರೆಡ್ ಸಂಖ್ಯೆ ಹೆಚ್ಚಿಸಲು ಹೋಗುತ್ತಾರೆ. ಥ್ರೆಡ್ ಪೂಲಿನ ಮ್ಯಾಕ್ಸ್ ಸರ್ವರ್ಸ್ ಮಾಮೂಲಿಯಾಗಿ 32 ಇರುತ್ತದೆ, ಅದನ್ನು 200 ಮಾಡಿದರೆ ಡೇಟಾಬೇಸ್ ಮೇಲೆ ಇನ್ನೂ ಜಾಸ್ತಿ ಜನ ಬಿದ್ದ ಹಾಗಾಗುತ್ತದೆ ಅಷ್ಟೇ. ಸರಿ ಮಾಡಬೇಕಿರುವುದು ಡೇಟಾಬೇಸ್. ರ್ಯಾಡ್‌ಅಕ್ಟ್ ಟೇಬಲ್‌ನಲ್ಲಿ (ಅಕೌಂಟಿಂಗ್ ಲೆಕ್ಕ ಕೂರುವ ಟೇಬಲ್) ವರ್ಷಗಟ್ಟಲೆ ತುಂಬಿಕೊಂಡ ಹಳೇ ಸಾಲುಗಳನ್ನು ಬೇರೆ ಟೇಬಲ್‌ಗೆ ಸರಿಸಿ, ನಿಮ್ಮದೇ ಕ್ವೆರಿ ಸೇರಿಸಿದ್ದರೆ ಅದಕ್ಕೆ ಇಂಡೆಕ್ಸ್ ಇದೆಯಾ ನೋಡಿ. ಅಕೌಂಟಿಂಗ್ ಅನ್ನು ನೇರ ಡೇಟಾಬೇಸಿಗೆ ಬರೆಯುವ ಬದಲು ಮೊದಲು ಡೀಟೇಲ್ ಫೈಲ್‌ಗೆ ಬರೆದು ಅಲ್ಲಿಂದ ನಿಧಾನವಾಗಿ ಡೇಟಾಬೇಸಿಗೆ ಹಾಕಿ. ಇದಕ್ಕೆ "ಬಫರ್ಡ್ ಎಸ್‌ಕ್ಯೂಎಲ್" ಅನ್ನುವ ಸೈಟ್ ರೆಡಿ ಇದೆ. ಮಧ್ಯಂತರ ಅಕೌಂಟಿಂಗ್ ಅನ್ನು 60 ಸೆಕೆಂಡಿಗೊಮ್ಮೆ ಇಟ್ಟಿರುವವರು ದಯವಿಟ್ಟು 600ಕ್ಕೆ ಏರಿಸಿ. ಸ್ಟ್ಯಾಂಡರ್ಡ್ ಕೂಡ 600ಕ್ಕಿಂತ ಕಡಿಮೆ ಇಡಬೇಡಿ ಅಂತಲೇ ಹೇಳುತ್ತದೆ.

"ರೀಸ್ಟಾರ್ಟ್ ಆನ್ ಫೇಲ್ಯೂರ್" ಹಾಕಿದ್ದೇವೆ. ಬಿದ್ದರೆ ತಾನೇ ಏಳುತ್ತದಲ್ವಾ?

ಏಳುತ್ತದೆ. ಆದರೆ ಅದೇ ಕಾರಣಕ್ಕೆ ಬಿದ್ದದ್ದು ನಿಮಗೆ ಗೊತ್ತಾಗುವುದಿಲ್ಲ. ನೀವು ನೋಡಿದಾಗೆಲ್ಲ ಹಸಿರು ಬಣ್ಣದಲ್ಲಿ "ಆಕ್ಟಿವ್ ರನ್ನಿಂಗ್". ಸ್ಟೇಟಸ್ ಸಾಲಿನಲ್ಲಿ "ಸಿನ್ಸ್" ಆದಮೇಲೆ ಬರುವ ಸಮಯ ಓದಿ. ನೀವು ಮುಟ್ಟದೆ ವಾರ ಆಗಿದ್ದರೂ ಅಲ್ಲಿ ಇಪ್ಪತ್ತು ನಿಮಿಷ ಅಂತಿದ್ದರೆ ಏನೋ ನಡೆದಿದೆ. "ಸಿಸ್ಟಮ್‌ಸಿಟಿಎಲ್ ಶೋ" ಕೊಟ್ಟು "ಎನ್‌ರೀಸ್ಟಾರ್ಟ್ಸ್" ಅನ್ನುವ ಬೆಲೆ ತೆಗೆದರೆ ತಾನಾಗಿ ಎಷ್ಟು ಸಲ ಎದ್ದಿದೆ ಅಂತ ಸಿಗುತ್ತದೆ. ಅದು ಏರಿದರೆ ಅಲಾರಂ ಬರಲಿ.

ಇನ್ನೊಂದು ಸೂಕ್ಷ್ಮ. ಸಿಸ್ಟಮ್‌ಡಿಯ ಮಾಮೂಲಿ ಮಿತಿ 10 ಸೆಕೆಂಡಿನಲ್ಲಿ 5 ಸಲ. ಅದಕ್ಕಿಂತ ಜಾಸ್ತಿ ಬಿದ್ದರೆ ಕೈಬಿಟ್ಟು "ಫೇಲ್ಡ್" ಅಂತ ತೋರಿಸುತ್ತದೆ. ರೀಸ್ಟಾರ್ಟ್ ನಡುವೆ 5 ಸೆಕೆಂಡ್ ಬಿಡುವು ಇಟ್ಟಿದ್ದರೆ ಈ ಮಿತಿ ಯಾವತ್ತೂ ಮುಟ್ಟುವುದಿಲ್ಲ. ಕಾನ್ಫಿಗ್ ತಪ್ಪಿದ್ದರೆ ರಾತ್ರಿಯಿಡೀ ಬಿದ್ದು ಏಳುತ್ತಲೇ ಇರುತ್ತದೆ. "ಫೇಲ್ಡ್ ಆದರೆ ಮೇಲ್ ಕಳಿಸು" ಅಂತ ಇಟ್ಟವರಿಗೆ ಒಂದು ಮೇಲೂ ಬರುವುದಿಲ್ಲ.

ಸರ್ವಿಸ್ ಆಕ್ಟಿವ್ ಇದೆ, ಆದರೆ ಯಾರಿಗೂ ಲಾಗಿನ್ ಆಗುತ್ತಿಲ್ಲ. ಹೇಗೆ ಸಾಧ್ಯ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಸಿಸ್ಟಮ್‌ಡಿಗೆ ಗೊತ್ತಿರುವುದು ಪ್ರೋಸೆಸ್ ಬದುಕಿದೆಯಾ ಅನ್ನುವುದು. ಯೂಸರ್‌ಗೆ ಬೇಕಿರುವುದು ಲಾಗಿನ್. ಇವೆರಡರ ನಡುವೆ ಬಹಳ ದೂರ ಇದೆ. ಡೇಟಾಬೇಸ್ ಒಂದು ಲಾಕ್‌ನಲ್ಲಿ ಸಿಕ್ಕಿಕೊಂಡರೆ ಥ್ರೆಡ್‌ಗಳೆಲ್ಲ ಅದರ ಮುಂದೆ ಕಾಯುತ್ತಾ ನಿಲ್ಲುತ್ತವೆ, ಪ್ರೋಸೆಸ್ ಆಕ್ಟಿವ್. ಆಕ್ಟಿವ್ ಡೈರೆಕ್ಟರಿಗೆ (ಮೈಕ್ರೋಸಾಫ್ಟ್‌ನ ಯೂಸರ್ ಪಟ್ಟಿ) ಕೇಳುವ ವಿನ್‌ಬೈಂಡ್ ಅನ್ನುವ ಪ್ರೋಗ್ರಾಮ್ ಬಿದ್ದರೆ ಪ್ರತಿಯೊಬ್ಬರಿಗೂ ರಿಜೆಕ್ಟ್, ಪ್ರೋಸೆಸ್ ಆಕ್ಟಿವ್. ಸರ್ಟಿಫಿಕೇಟ್ ನಿನ್ನೆ ರಾತ್ರಿ ಮುಗಿದಿದ್ದರೆ ಫೋನ್‌ಗಳೇ ಕೈಕೊಡುತ್ತವೆ, ಪ್ರೋಸೆಸ್ ಆಕ್ಟಿವ್. ಫೈರ್‌ವಾಲ್‌ನಲ್ಲಿ ಯಾರೋ ಒಂದು ರೂಲ್ ಬದಲಿಸಿದರೆ ಸರ್ವರ್‌ಗೆ ಏನೂ ಬರುವುದೇ ಇಲ್ಲ, ಅದು ಸುಮ್ನೆ ಕೂತಿರುತ್ತದೆ. ಆಗಲೂ ಆಕ್ಟಿವ್.

ಹಾಗಾಗಿ ಮಾನಿಟರಿಂಗ್ ಅಂದರೆ ನಿಜವಾದ ಲಾಗಿನ್ ಮಾಡಿ ನೋಡುವುದು. ಪ್ರತಿ ನಿಮಿಷಕ್ಕೊಮ್ಮೆ, ಸರ್ವರ್‌ನ ಹೊರಗಿರುವ ಬೇರೆ ಮಷಿನ್‌ನಿಂದ, ಯೂಸರ್‌ಗಳು ಹೋಗುವ ದಾರಿಯಲ್ಲೇ. ಉಳಿದ ಎಲ್ಲ ಗ್ರಾಫ್‌ಗಳೂ ಕಾರಣ ಹುಡುಕುವುದಕ್ಕೆ. ತೊಂದರೆ ಇದೆ ಅಂತ ಹೇಳಬೇಕಾದದ್ದು ಈ ಪರೀಕ್ಷೆ.

ನಾವು ಪೋರ್ಟ್ 1812 ತೆರೆದಿದೆಯಾ ಅಂತ ಚೆಕ್ ಹಾಕಿದ್ದೇವೆ. ಅದು ಸಾಲದಾ?

ಇದು ಯುಡಿಪಿ. ಟೆಲ್ನೆಟ್ ಹೊಡೆದು ನೋಡಲು ಆಗುವುದಿಲ್ಲ. ಯುಡಿಪಿ ಚೆಕ್ ಮಾಡುವ ಬಹಳ ಟೂಲ್‌ಗಳು ತಿರುಗಿ ಏನೂ ಬರದಿದ್ದರೆ "ತೆರೆದಿರಬೇಕು" ಅಂತ ತಿಳಿದುಕೊಳ್ಳುತ್ತವೆ. ಫೈರ್‌ವಾಲ್ ನುಂಗಿದರೂ ಏನೂ ಬರುವುದಿಲ್ಲ, ಅದಕ್ಕೂ ಹಸಿರೇ. ಮೇಲಾಗಿ ಗೊತ್ತಿಲ್ಲದ ಐಪಿಯಿಂದ ಬಂದ ಕೇಳಿಕೆಗೆ ರೇಡಿಯಸ್ ಉತ್ತರವನ್ನೇ ಕೊಡಬಾರದು ಅಂತ ನಿಯಮ. ಅಂದರೆ ಆರೋಗ್ಯವಾಗಿರುವ ಸರ್ವರ್ ಕೂಡ ಮೌನವಾಗೇ ಇರುತ್ತದೆ. ಮಾನಿಟರಿಂಗ್ ಮಷಿನ್ ಅನ್ನು ಕ್ಲೈಂಟ್ಸ್ ಫೈಲ್‌ನಲ್ಲಿ ಸೇರಿಸಿ, ಅದಕ್ಕೆ ಬೇರೆ ಸೀಕ್ರೆಟ್ (ಕ್ಲೈಂಟ್, ಸರ್ವರ್ ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪದ) ಕೊಡಿ, ರೇಡಿಯಸ್ ಭಾಷೆಯಲ್ಲೇ ಕೇಳಿ.

ಸ್ಟೇಟಸ್-ಸರ್ವರ್ ಅಂತಾರಲ್ಲ, ಅದು ಏನು?

"ಇದ್ದೀಯಾ?" ಅಂತ ಕೇಳುವ ಪುಟ್ಟ ಪ್ಯಾಕೆಟ್. 2010ರ ಆರ್‌ಎಫ್‌ಸಿ 5997 ಅನ್ನುವ ಇಂಟರ್‌ನೆಟ್ ದಾಖಲೆಯಲ್ಲಿ ಬರೆದಿದ್ದಾರೆ. 1812ಕ್ಕೇ ಕಳಿಸಬಹುದು, ಸರ್ವರ್ "ಆಕ್ಸೆಸ್-ಆಕ್ಸೆಪ್ಟ್" ಅಂತ ಉತ್ತರ ಕೊಡುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಏನೂ ಬೇಡ. ಹಗುರ. ಆದರೆ ಇದು ಡೇಟಾಬೇಸ್ ತನಕ ಹೋಗುವುದಿಲ್ಲ, ಹಾಗಾಗಿ ಲಾಗಿನ್ ಪರೀಕ್ಷೆಯ ಬದಲಿಗೆ ಇದನ್ನು ಇಡಬೇಡಿ, ಜೊತೆಗೆ ಇಡಿ. ಲಾಗಿನ್ ಫೇಲ್, ಸ್ಟೇಟಸ್ ಓಕೆ ಅಂದರೆ ಹಿಂದಿನ ಡೇಟಾಬೇಸ್ ಅಥವಾ ಡೈರೆಕ್ಟರಿ ನೋಡಿ. ಎರಡೂ ಫೇಲ್ ಅಂದರೆ ಸರ್ವರ್ ಅಥವಾ ದಾರಿ.

ಇದರ ಇನ್ನೊಂದು ಉಪಯೋಗ ಲೆಕ್ಕ ತೆಗೆಯುವುದು. "ಸ್ಟೇಟಸ್" ಸೈಟ್ ಆನ್ ಮಾಡಿದರೆ ಅದು 127.0.0.1ರ 18121 ಪೋರ್ಟ್‌ನಲ್ಲಿ ಕೂರುತ್ತದೆ. "ರ್ಯಾಡ್‌ಕ್ಲೈಂಟ್" ಮೂಲಕ ಕೇಳಿದರೆ ಎಷ್ಟು ಕೇಳಿಕೆ ಬಂತು, ಎಷ್ಟು ಆಕ್ಸೆಪ್ಟ್, ಎಷ್ಟು ರಿಜೆಕ್ಟ್, ಎಷ್ಟು ಡೂಪ್ಲಿಕೇಟ್, ಎಷ್ಟು ಡ್ರಾಪ್ ಅಂತ ಎಲ್ಲ ಕೊಡುತ್ತದೆ. ಜೊತೆಗೆ ಬರುವ "ಅಡ್ಮಿನ್‌ಸೀಕ್ರೆಟ್" ಅನ್ನುವ ಸೀಕ್ರೆಟ್ ಮೊದಲು ಬದಲಿಸಿ. ಪ್ರೊಮೀಥಿಯಸ್ ಅನ್ನುವ ಮಾನಿಟರಿಂಗ್ ಟೂಲ್‌ಗೆ ಕಳಿಸುವ ಎಕ್ಸ್‌ಪೋರ್ಟರ್‌ಗಳೂ ಇದನ್ನೇ ಕೇಳುತ್ತವೆ. ರೀಸ್ಟಾರ್ಟ್ ಆದರೆ ಲೆಕ್ಕ ಸೊನ್ನೆಯಿಂದ ಶುರು ಅನ್ನುವುದು ನೆನಪಿರಲಿ.

ಟೆಸ್ಟ್ ಯೂಸರ್ ಹೇಗೆ ಮಾಡಬೇಕು?

ಬೇರೆ ಹೆಸರಲ್ಲಿ ಒಂದು ಅಕೌಂಟ್ ಮಾಡಿ, ಮಾಮೂಲಿ ಯೂಸರ್‌ಗಳು ಇರುವ ಜಾಗದಲ್ಲೇ ಇಡಿ. ಯೂಸರ್‌ಗಳೆಲ್ಲ ಡೇಟಾಬೇಸ್‌ನಲ್ಲಿದ್ದು ಟೆಸ್ಟ್ ಅಕೌಂಟ್ ಮಾತ್ರ ಯೂಸರ್ಸ್ ಫೈಲ್‌ನಲ್ಲಿದ್ದರೆ ಪರೀಕ್ಷೆ ಡೇಟಾಬೇಸ್ ಮುಟ್ಟುವುದೇ ಇಲ್ಲ. ಈ ಅಕೌಂಟ್ ಮಾನಿಟರಿಂಗ್ ಮಷಿನ್‌ನಿಂದ ಮಾತ್ರ ಒಳಗೆ ಬರುವಂತೆ ಇಡಿ, ಇಲ್ಲದಿದ್ದರೆ ಆ ಪಾಸ್‌ವರ್ಡ್ ಸಿಕ್ಕಿದವರೆಲ್ಲ ವೈಫೈ ಬಳಸುತ್ತಾರೆ.

"ರ್ಯಾಡ್‌ಟೆಸ್ಟ್" ಸುಲಭ, ಆದರೆ ಪಾಸ್‌ವರ್ಡ್ ಪರೀಕ್ಷೆ ಮಾತ್ರ ಮಾಡುತ್ತದೆ. ನಿಮ್ಮ ವೈಫೈ ಪೀಪ್ ಅಥವಾ ಟಿಟಿಎಲ್‌ಎಸ್ (ಎರಡೂ ಇಎಪಿಯ ಬಗೆಗಳು) ಬಳಸುತ್ತಿದ್ದರೆ ಸರ್ಟಿಫಿಕೇಟ್ ಸಮೇತ ಪೂರ್ತಿ ದಾರಿ ನೋಡಲು "ಇಎಪಿಒಎಲ್ ಟೆಸ್ಟ್" ಬೇಕು. ಅದು ಡಬ್ಲ್ಯೂಪಿಎ ಸಪ್ಲಿಕೆಂಟ್ ಜೊತೆ ಬರುವ ಟೂಲ್. ಅದನ್ನು ಮಾಡಿ ಹೊಂದಿಸುವುದು ಸ್ವಲ್ಪ ತಲೆನೋವು, ಆದರೂ ಮಾಡಿ.

ತಪ್ಪು ಪಾಸ್‌ವರ್ಡ್ ಕೊಟ್ಟು ರಿಜೆಕ್ಟ್ ಬರುತ್ತದಾ ಅಂತಲೂ ನೋಡುವುದು ಒಳ್ಳೆಯದು. ಎಲ್ಲರನ್ನೂ ಒಳಗೆ ಬಿಡುತ್ತಿರುವ ಸರ್ವರ್ ನಿಂತ ಸರ್ವರ್‌ಗಿಂತ ಕೆಟ್ಟದ್ದು. ರಿಜೆಕ್ಟ್ ಒಂದು ಸೆಕೆಂಡ್ ತಡವಾಗಿ ಬಂದರೆ ಗಾಬರಿ ಬೇಡ. ಪಾಸ್‌ವರ್ಡ್ ಊಹಿಸುವವರನ್ನು ನಿಧಾನ ಮಾಡಲು "ರಿಜೆಕ್ಟ್ ಡಿಲೇ" ಅಂತ 1 ಸೆಕೆಂಡ್ ಇಟ್ಟಿರುತ್ತಾರೆ.

ಯಾವ ನಂಬರ್‌ಗಳ ಮೇಲೆ ಕಣ್ಣಿಡಬೇಕು?

ಲಾಗಿನ್ ಪರೀಕ್ಷೆ ಬಿಟ್ಟರೆ ನನಗೆ ಮುಖ್ಯ ಅನ್ನಿಸುವುದು ಉತ್ತರಕ್ಕೆ ಹಿಡಿಯುವ ಸಮಯ. ಅದು ಮೆಲ್ಲಗೆ ಏರುತ್ತಿದ್ದರೆ ಡೇಟಾಬೇಸ್ ದಣಿಯುತ್ತಿದೆ ಅಂತ, ಬೀಳುವ ದಿನಗಳ ಮೊದಲೇ ಗೊತ್ತಾಗುತ್ತದೆ. ಡೂಪ್ಲಿಕೇಟ್ ಎಣಿಕೆ ಇನ್ನೊಂದು ಒಳ್ಳೇ ಮುನ್ಸೂಚನೆ. ರಿಜೆಕ್ಟ್ ದಿಢೀರ್ ಏರಿದರೂ ನೋಡಿ, ಆಕ್ಸೆಪ್ಟ್ ದಿಢೀರ್ ಇಳಿದರೂ ನೋಡಿ. ವಾರದ ಇದೇ ದಿನ, ಇದೇ ಹೊತ್ತಿಗೆ ಹೋದ ವಾರ ಎಷ್ಟಿತ್ತು ಅಂತ ಹೋಲಿಸಿ. ಭಾನುವಾರ ಕಾಲೇಜಿನಲ್ಲಿ ಲಾಗಿನ್ ಕಡಿಮೆ ಇರುವುದು ಸಹಜ, ಅದಕ್ಕೆ ಅಲಾರಂ ಹೊಡೆದರೆ ಜನ ಅಲಾರಂ ನೋಡುವುದನ್ನೇ ಬಿಡುತ್ತಾರೆ. ಡಿಸ್ಕ್ ಜಾಗ, ಸರ್ಟಿಫಿಕೇಟಿನ ಉಳಿದ ದಿನ, ಮೇಲೆ ಹೇಳಿದ ಎನ್‌ರೀಸ್ಟಾರ್ಟ್ಸ್ ಇವಿಷ್ಟು ಸೇರಿಸಿ. ಸಿಪಿಯು ಗ್ರಾಫ್ ಇದ್ದರೆ ಇರಲಿ, ಅದರಿಂದ ಇಲ್ಲಿ ಏನೂ ತಿಳಿಯುವುದಿಲ್ಲ.

ಜರ್ನಲ್‌ಸಿಟಿಎಲ್‌ನಲ್ಲಿ ಏನೂ ಇಲ್ಲ. ಲಾಗ್ ಎಲ್ಲಿದೆ?

ಸ್ಟಾರ್ಟ್, ಸ್ಟಾಪ್ ಸುದ್ದಿ ಜರ್ನಲ್‌ನಲ್ಲಿ (ಜರ್ನಲ್‌ಸಿಟಿಎಲ್ ತೋರಿಸುವ ಸಿಸ್ಟಮ್‌ಡಿಯ ಲಾಗ್). ಕೇಳಿಕೆಗಳ ಸುದ್ದಿ ಮಾಮೂಲಿಯಾಗಿ ಬೇರೆ ಫೈಲ್‌ನಲ್ಲಿ: ವಾರ್, ಲಾಗ್ ಒಳಗೆ ಫ್ರೀರೇಡಿಯಸ್ ಫೋಲ್ಡರ್ (ರೆಡ್‌ಹ್ಯಾಟ್ ಕಡೆ ರೇಡಿಯಸ್ ಫೋಲ್ಡರ್), ಅದರಲ್ಲಿ "ರೇಡಿಯಸ್ ಡಾಟ್ ಲಾಗ್". ಆದರೆ ಯಾರು ಲಾಗಿನ್ ಆದರು ಅನ್ನುವ ಸಾಲು ಮೊದಲಿಗೆ ಬರುವುದಿಲ್ಲ. ಲಾಗ್ ಭಾಗದಲ್ಲಿ "ಆತ್" ಅನ್ನು "ಎಸ್" ಮಾಡಬೇಕು. ಅದರ ಕೆಳಗೇ ಕೆಟ್ಟ ಪಾಸ್‌ವರ್ಡ್, ಒಳ್ಳೇ ಪಾಸ್‌ವರ್ಡ್ ಎರಡನ್ನೂ ಲಾಗ್ ಮಾಡುವ ಆಯ್ಕೆ ಇದೆ. ಎರಡೂ "ನೋ" ಆಗಿಯೇ ಇರಲಿ. ಕೆಟ್ಟ ಪಾಸ್‌ವರ್ಡ್‌ನಿಂದ ಏನು ತೊಂದರೆ ಅಂತೀರಾ? ಜನ ಒಂದು ಅಕ್ಷರ ತಪ್ಪಿ ಹೊಡೆದಿರುತ್ತಾರೆ, ಇಲ್ಲವೇ ಬ್ಯಾಂಕಿನ ಪಾಸ್‌ವರ್ಡ್ ಹೊಡೆದಿರುತ್ತಾರೆ.

ಪದೇ ಪದೇ ಕಾಣುವ ಒಂದು ಸಾಲನ್ನು ಬಿಡಿಸಿ ನೋಡೋಣ: "ಇಗ್ನೋರಿಂಗ್ ರಿಕ್ವೆಸ್ಟ್ ಟು ಆತ್ ಅಡ್ರೆಸ್ ಸ್ಟಾರ್ ಪೋರ್ಟ್ 1812 ... ಫ್ರಮ್ ಅನ್‌ನೋನ್ ಕ್ಲೈಂಟ್ 10.20.0.7". ಇದರಲ್ಲಿ ಬೇಕಾದದ್ದು ಕೊನೆಯ ಐಪಿ. ಅದು ನಿಮ್ಮ ಆಕ್ಸೆಸ್ ಪಾಯಿಂಟ್‌ದೇ ಆಗಿದ್ದರೆ ಡಿಎಚ್‌ಸಿಪಿ ಅದಕ್ಕೆ ಹೊಸ ಐಪಿ ಕೊಟ್ಟಿದೆ. ಗೇಟ್‌ವೇ ಐಪಿ ಆಗಿದ್ದರೆ ನಡುವೆ ನ್ಯಾಟ್ ಆಗುತ್ತಿದೆ. ಯಾವುದೋ ಹೊರಗಿನ ಐಪಿ ಆಗಿದ್ದರೆ ನಿಮ್ಮ ರೇಡಿಯಸ್ ಇಡೀ ಇಂಟರ್‌ನೆಟ್‌ಗೆ ತೆರೆದಿದೆ, ಓದುವುದು ನಿಲ್ಲಿಸಿ ಮೊದಲು ಫೈರ್‌ವಾಲ್ ಹಾಕಿ.

ಒಂದೇ ಪೆಟ್ಟಿಗೆಯಿಂದ ಬರುವ ಎಲ್ಲರಿಗೂ "ಲಾಗಿನ್ ಇನ್‌ಕರೆಕ್ಟ್" ಬರುತ್ತಿದ್ದರೆ ಯೂಸರ್‌ಗಳನ್ನು ಬೈಯಬೇಡಿ. ಶೇರ್ಡ್ ಸೀಕ್ರೆಟ್ ಎರಡು ಕಡೆ ಬೇರೆ ಇದೆ. ಸೀಕ್ರೆಟ್ ತಪ್ಪಿದ್ದಾಗ ಪಾಸ್‌ವರ್ಡ್ ಬಿಚ್ಚಿದರೆ ಕಸ ಬರುತ್ತದೆ. ಡೀಬಗ್‌ನಲ್ಲಿ ನೋಡಿದರೆ ಪಾಸ್‌ವರ್ಡ್‌ನಲ್ಲಿ ಓದಲಾಗದ ಅಕ್ಷರಗಳಿವೆ, ಸೀಕ್ರೆಟ್ ನೋಡಿ ಅಂತ ಅದೇ ಹೇಳುತ್ತದೆ.

ಲಾಗ್ ಎಷ್ಟು ದಿನ ಇಡಬೇಕು? ಡಿಸ್ಕ್ ತುಂಬುತ್ತಿದೆ.

ಭಾರತದಲ್ಲಿದ್ದರೆ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಓದಿ. ಸರ್ವಿಸ್ ಪ್ರೊವೈಡರ್‌ಗಳು, ಡೇಟಾ ಸೆಂಟರ್‌ಗಳು, ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗ್ ಅನ್ನು 180 ದಿನ ಇಡಬೇಕು ಅಂತ ಅದರಲ್ಲಿದೆ. ಐಎಸ್‌ಪಿ ಆಗಿದ್ದರೆ ಲೈಸೆನ್ಸ್ ಷರತ್ತುಗಳೂ ಇವೆ, ಆ ಕಾಗದ ತೆಗೆದು ನೋಡಿ. ಲಾಗ್‌ರೊಟೇಟ್ ಫೈಲ್‌ನಲ್ಲಿ ಎಷ್ಟು ಪ್ರತಿ ಇಡಲು ಹೇಳಿದೆ ಅಂತ ಈಗಲೇ ನೋಡಿ. ಕೇಳಿದಾಗ ಇಲ್ಲ ಅಂದರೆ ಕಷ್ಟ.

ಡಿಸ್ಕ್ ತುಂಬಿಸುವುದು ಸಾಮಾನ್ಯವಾಗಿ ರೇಡಿಯಸ್ ಲಾಗ್ ಅಲ್ಲ, ರ್ಯಾಡ್‌ಅಕ್ಟ್ ಫೋಲ್ಡರ್‌ನಲ್ಲಿ ಪ್ರತಿ ನ್ಯಾಸ್‌ಗೆ ದಿನಕ್ಕೊಂದರಂತೆ ಬೀಳುವ ಡೀಟೇಲ್ ಫೈಲ್‌ಗಳು. ಕುಗ್ಗಿಸಿ ಬೇರೆ ಮಷಿನ್‌ಗೆ ಕಳಿಸಿ. ಡೇಟಾಬೇಸ್ ಅದೇ ಡಿಸ್ಕ್‌ನಲ್ಲಿದ್ದರೆ ಡಿಸ್ಕ್ ತುಂಬಿದ ದಿನ ಲಾಗಿನ್ನೂ ನಿಲ್ಲುತ್ತದೆ.

ಗಡಿಯಾರ ಸರಿ ಇಲ್ಲದಿದ್ದರೆ ಏನಾಗುತ್ತದೆ?

ಆಕ್ಟಿವ್ ಡೈರೆಕ್ಟರಿ ಜೊತೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದರ ಲಾಗಿನ್ ಪ್ರೋಟೋಕಾಲ್ ಕರ್ಬರೋಸ್ ಒಪ್ಪುವುದಿಲ್ಲ. ಸೆಷನ್ ಲೆಕ್ಕ, ಲಾಗ್ ಎಲ್ಲ ಹಾಳು. ಅದೇ ಸರ್ಟ್-ಇನ್ ನಿರ್ದೇಶನದಲ್ಲಿ ಎನ್‌ಐಸಿ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಟೈಮ್ ಸರ್ವರ್‌ಗೆ ಹೊಂದಿಸಿ ಅಂತಲೂ ಇದೆ. ಗಡಿಯಾರ ಹೊಂದಿಸುವ ಕ್ರೋನಿ ಹಾಕಿ, ಮುಗಿಯಿತು.

ಸರ್ಟಿಫಿಕೇಟ್ ಮುಗಿಯುವುದನ್ನು ಹೇಗೆ ಹಿಡಿಯುವುದು?

ಇಎಪಿ ಸರ್ಟಿಫಿಕೇಟ್ ವೆಬ್‌ಸೈಟ್ ಸರ್ಟಿಫಿಕೇಟ್ ಹಾಗೆ ಹೊರಗಿಂದ ಕಾಣುವುದಿಲ್ಲ, ಹಾಗಾಗಿ ವೆಬ್‌ಸೈಟ್ ನೋಡುವ ಟೂಲ್‌ಗಳು ಇದನ್ನು ಹಿಡಿಯುವುದಿಲ್ಲ. ಸರ್ವರ್ ಮೇಲೇ "ಓಪನ್‌ಎಸ್‌ಎಸ್‌ಎಲ್" ಕಮಾಂಡ್‌ನ "ಚೆಕ್ ಎಂಡ್" ಆಯ್ಕೆಯಿಂದ ದಿನಕ್ಕೊಮ್ಮೆ ಫೈಲ್ ನೋಡಿ, 30 ದಿನ ಉಳಿದಾಗ ಅಲಾರಂ ಕೊಡಿ. ಫ್ರೀರೇಡಿಯಸ್ ಜೊತೆ ಬರುವ ಸ್ಕ್ರಿಪ್ಟ್‌ನಿಂದ ಮಾಡಿದ ಮಾದರಿ ಸರ್ಟಿಫಿಕೇಟ್ 60 ದಿನಕ್ಕೇ ಮುಗಿಯುತ್ತದೆ, ಪರೀಕ್ಷೆಗೆ ಅಂತ ಬೇಕಂತಲೇ ಹಾಗಿಟ್ಟಿದ್ದಾರೆ. ಫೈಲ್ ತಾನಾಗಿ ಹೊಸದಾಗುವ ಏರ್ಪಾಡು ಇದ್ದರೂ ಸರ್ವಿಸ್ ರೀಸ್ಟಾರ್ಟ್ ಆಗದಿದ್ದರೆ ಮೆಮೊರಿಯಲ್ಲಿ ಹಳೆಯದೇ ಇರುತ್ತದೆ. ಫೈಲ್ ನೋಡುವ ಚೆಕ್ ಹಸಿರು, ಫೋನ್‌ಗಳಲ್ಲಿ ಎರರ್. ಇಎಪಿಒಎಲ್ ಟೆಸ್ಟ್ ಬೇಕು ಅಂದದ್ದು ಇದಕ್ಕೇ.

ಬ್ಲಾಸ್ಟ್‌ರೇಡಿಯಸ್ ಬಗ್ಗೆ ಏನು ಮಾಡಬೇಕು?

2024ರ ಜುಲೈನಲ್ಲಿ ಹೊರಬಂದ ದೋಷ ಅದು. ರೇಡಿಯಸ್ ಎಂಡಿ5 ಅನ್ನುವ ಹಳೇ ಹ್ಯಾಶ್ ಲೆಕ್ಕದ ಮೇಲೆ ನಿಂತಿರುವುದರಿಂದ, ನ್ಯಾಸ್ ಮತ್ತು ಸರ್ವರ್ ನಡುವೆ ಕೂತವರು ರಿಜೆಕ್ಟ್ ಅನ್ನು ಆಕ್ಸೆಪ್ಟ್ ಮಾಡಬಹುದು. ಇಎಪಿ ಬಳಸುವ ವೈಫೈಗೆ ಇದು ತಗಲುವುದಿಲ್ಲ, ಬರೀ ಪಾಸ್‌ವರ್ಡ್ ಕಳಿಸುವ ವಿಪಿಎನ್, ಸ್ವಿಚ್ ಲಾಗಿನ್‌ಗಳಿಗೆ ತಗಲುತ್ತದೆ. 3.2.5ರಲ್ಲಿ ಇದಕ್ಕೆ ತಡೆ ಬಂದಿದೆ, ಬಳಸಬೇಕಾದ ಆಯ್ಕೆ "ರಿಕ್ವೈರ್ ಮೆಸೇಜ್ ಆಥೆಂಟಿಕೇಟರ್". ಸರ್ವರ್ ಅಪ್‌ಡೇಟ್ ಮಾಡಿ, ಪೆಟ್ಟಿಗೆಗಳ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಆಮೇಲೆ ಒಂದೊಂದೇ ಕ್ಲೈಂಟ್‌ಗೆ ಆನ್ ಮಾಡುತ್ತಾ ಬನ್ನಿ. ಎಲ್ಲಕ್ಕೂ ಒಟ್ಟಿಗೆ ಹಾಕಿದರೆ ಹಳೇ ಪೆಟ್ಟಿಗೆಗಳು ನಿಲ್ಲುತ್ತವೆ.

ನಮ್ಮ ಹುಡುಗರಿಗೆ ಲಾಗಿನ್ ಆಗುತ್ತದೆ, ಬೇರೆ ಕಾಲೇಜಿನಿಂದ ಬಂದ ಎಡುರೋಮ್ ಅತಿಥಿಗಳಿಗೆ ಆಗುತ್ತಿಲ್ಲ.

ಎಡುರೋಮ್ ಅಂದರೆ ಒಂದು ಕಾಲೇಜಿನ ಅಕೌಂಟ್‌ನಿಂದ ಬೇರೆ ಕಾಲೇಜಿನ ವೈಫೈಗೂ ಲಾಗಿನ್ ಆಗುವ ವ್ಯವಸ್ಥೆ. ಅತಿಥಿಗಳ ಕೇಳಿಕೆಯನ್ನು ನಿಮ್ಮ ಸರ್ವರ್ ಮೇಲಿನ ರಾಷ್ಟ್ರೀಯ ಸರ್ವರ್‌ಗೆ ದಾಟಿಸುತ್ತದೆ. ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಅರ್ನೆಟ್ ಅನ್ನುವ ಶಿಕ್ಷಣ ನೆಟ್‌ವರ್ಕ್ ಸಂಸ್ಥೆ. ಲಾಗ್‌ನಲ್ಲಿ ಹೋಮ್ ಸರ್ವರ್ (ನೀವು ಕೇಳಿಕೆ ದಾಟಿಸುವ ಸರ್ವರ್) "ಜಾಂಬಿ" ಅಥವಾ "ಡೆಡ್" ಅಂತ ಬಂದಿದೆಯಾ ಹುಡುಕಿ. ಬಂದಿದ್ದರೆ ದಾರಿಯನ್ನು ನೋಡಿ. ನಿಮ್ಮ ಹುಡುಗರ ಲಾಗಿನ್ ಈ ದಾರಿಯಲ್ಲಿ ಹೋಗುವುದಿಲ್ಲ, ಹಾಗಾಗಿ ಅತಿಥಿ ದಾರಿಗೆ ಬೇರೆಯೇ ಪರೀಕ್ಷೆ ಇಡಬೇಕು.

ಎರಡನೇ ಸರ್ವರ್ ಇದೆ, ಒಂದು ಬಿದ್ದರೆ ಇನ್ನೊಂದು ನೋಡಿಕೊಳ್ಳುತ್ತದೆ. ಆದರೂ ಇಷ್ಟೆಲ್ಲ ಬೇಕಾ?

ಬೇಕು. ಎರಡೂ ಒಂದೇ ಡೇಟಾಬೇಸ್ ಕೇಳುತ್ತಿದ್ದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಬೇರೆ ಬೇರೆ ಇದ್ದರೂ ಎರಡನೆಯದಕ್ಕೆ ತಿಂಗಳುಗಟ್ಟಲೆ ಒಂದು ಕೇಳಿಕೆಯೂ ಬಂದಿರುವುದಿಲ್ಲ, ಅಷ್ಟರಲ್ಲಿ ಅದರ ಸರ್ಟಿಫಿಕೇಟ್ ಮುಗಿದಿರಬಹುದು, ಹೊಸ ಆಕ್ಸೆಸ್ ಪಾಯಿಂಟ್‌ಗಳನ್ನು ಅದರ ಕ್ಲೈಂಟ್ಸ್ ಫೈಲ್‌ಗೆ ಯಾರೂ ಸೇರಿಸಿರದೇ ಇರಬಹುದು. ಲಾಗಿನ್ ಪರೀಕ್ಷೆಯನ್ನು ಎರಡಕ್ಕೂ ಬೇರೆ ಬೇರೆಯಾಗಿ ಕಳಿಸಿ. ರಜೆ ದಿನ ಒಮ್ಮೆ ಮೊದಲನೆಯದನ್ನು ಬೇಕಂತಲೇ ನಿಲ್ಲಿಸಿ, ಪೆಟ್ಟಿಗೆಗಳು ನಿಜವಾಗಿ ಎರಡನೆಯದಕ್ಕೆ ಹೋಗುತ್ತವಾ ನೋಡಿ.

ರಾತ್ರಿ ಎರಡು ಗಂಟೆಗೆ ಅಲಾರಂ ಬಂದರೆ ಮೊದಲು ಏನು ಮಾಡಲಿ?

ಕೈ ತಾನಾಗೇ ರೀಸ್ಟಾರ್ಟ್ ಕಡೆ ಹೋಗುತ್ತದೆ. ಅದಕ್ಕೂ ಮುಂಚೆ ಒಂದು ನಿಮಿಷ. "ಸಿಸ್ಟಮ್‌ಸಿಟಿಎಲ್ ಸ್ಟೇಟಸ್", ರೇಡಿಯಸ್ ಲಾಗ್‌ನ ಕೊನೆಯ ಐನೂರು ಸಾಲು, ಡಿಸ್ಕ್ ಜಾಗ, ಡೇಟಾಬೇಸ್‌ನಲ್ಲಿ ಆ ಕ್ಷಣ ನಡೆಯುತ್ತಿರುವ ಕ್ವೆರಿಗಳ ಪಟ್ಟಿ, ಇವನ್ನೆಲ್ಲ ಒಂದು ಫೈಲ್‌ಗೆ ಬರೆಯುವ ಪುಟ್ಟ ಸ್ಕ್ರಿಪ್ಟ್ ಮೊದಲೇ ಮಾಡಿಟ್ಟುಕೊಂಡಿರಿ. ಅದನ್ನು ಓಡಿಸಿ. ಆಮೇಲೆ ರೀಸ್ಟಾರ್ಟ್ ಕೊಡಿ, ಹೊರಗಿನ ಮಷಿನ್‌ನಿಂದ ಲಾಗಿನ್ ಪರೀಕ್ಷೆ ಪಾಸ್ ಆಗುವ ತನಕ ಕಾದು ನೋಡಿ. ಎರಡೇ ನಿಮಿಷಕ್ಕೆ ಮತ್ತೆ ಫೇಲ್ ಆದರೆ ರೇಡಿಯಸ್ ಬಿಟ್ಟು ಡೇಟಾಬೇಸ್ ಕಡೆ ಹೋಗಿ. ಆ ಕ್ವೆರಿ ಪಟ್ಟಿಯಲ್ಲಿ ಬಹಳ ಹೊತ್ತಿನಿಂದ ನಡೆಯುತ್ತಿರುವ ಒಂದು ಸಾಲು ಇರುತ್ತದೆ, ಅದರಿಂದ ಶುರು ಮಾಡಿ.